ಗೇಟು ‘ಸರಿ’ ಅಂದರೂ ಗುಟ್ಟು ಸೋರಬಹುದು: ಶ್ನೋರ್ ಸಾಬೀತಿನ ದೋಷ ನಿವಾರಣೆ ಕೈಪಿಡಿ

ಮುಧೋಳ, ಜಮಖಂಡಿ ಕಡೆಯಿಂದ ಬಾಗಲಕೋಟೆಗೆ ಇಂಜಿನಿಯರಿಂಗ್ ಓದಲು ಬರುವ ಮಕ್ಕಳಲ್ಲಿ ಕಬ್ಬು ಬೆಳೆಯುವ ಮನೆಯವರು ಬಹಳ. ಕೊನೆಯ ವರ್ಷದ ಪ್ರಾಜೆಕ್ಟು ಅಂದರೆ ಸಕ್ಕರೆ ಕಾರ್ಖಾನೆಯ ಗೇಟು, ಕಾಟಾ, ಕಟಾವಿನ ಪಾಳಿ, ಇವೇ ಅವರ ತಲೆಗೆ ಮೊದಲು ಬರುತ್ತವೆ. ಅಂಥ ಪ್ರಾಜೆಕ್ಟುಗಳ ಒಂದು ಮಾದರಿಯನ್ನು ಇಟ್ಟುಕೊಂಡು ಈ ಕೈಪಿಡಿ ಬರೆದಿದ್ದೇನೆ. ರೈತನ ಮೊಬೈಲಿನಲ್ಲಿ ಒಂದು ಗುಟ್ಟಿನ ಸಂಖ್ಯೆ ಇದೆ. ಗೇಟಿನ ಕಂಪ್ಯೂಟರಿನಲ್ಲಿ ಅದರ ಜೋಡಿಯಾದ ಬಹಿರಂಗ ಸಂಖ್ಯೆ ಮಾತ್ರ ಇದೆ. ಟ್ರ್ಯಾಕ್ಟರ್ ಬಂದು ನಿಂತಾಗ ‘ಗುಟ್ಟು ನನಗೆ ಗೊತ್ತು’ ಎಂದು ಮೊಬೈಲು ಸಾಬೀತು ಮಾಡಬೇಕು, ಗುಟ್ಟನ್ನು ಮಾತ್ರ ಹೇಳಬಾರದು. ಪಾಸ್‌ವರ್ಡ್ ಇಟ್ಟರೆ ಅದು ಗೇಟಿನ ಕಂಪ್ಯೂಟರಿನೊಳಗೆ ಹಾದುಹೋಗಲೇಬೇಕು. ಹಂಗಾಮಿಗೊಮ್ಮೆ ಆಪರೇಟರುಗಳು ಬದಲಾಗುವ ಜಾಗದಲ್ಲಿ ಅದು ಚಲೋ ಅಲ್ಲ.

ಗುಟ್ಟು ಬಿಟ್ಟುಕೊಡದೆ ಸಾಬೀತು ಮಾಡುವ ಈ ವಿಚಾರಕ್ಕೆ 1985ರಲ್ಲಿ ಗಣಿತದ ರೂಪ ಕೊಟ್ಟವರು ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ ಮತ್ತು ಚಾರ್ಲ್ಸ್ ರಾಕಾಫ್. ನಾವು ಲ್ಯಾಬಿನಲ್ಲಿ ಬಳಸುವ ವಿಧಾನ ಕ್ಲಾಸ್ ಶ್ನೋರ್ 1989ರಲ್ಲಿ ಸ್ಮಾರ್ಟ್ ಕಾರ್ಡಿಗೆಂದು ಕೊಟ್ಟದ್ದು. ಅದು ಮೂರು ಮಾತು ಕೊಡುತ್ತದೆ. ನಿಜವಾದವನು ಪಾಸಾಗುತ್ತಾನೆ. ಸುಳ್ಳು ಹೇಳುವವನು ಸಿಕ್ಕಿಬೀಳುತ್ತಾನೆ. ಗುಟ್ಟು ಹೊರಗೆ ಬೀಳುವುದಿಲ್ಲ. ದೋಷ ಹುಡುಕುವವರು ಮೊದಲು ತಿಳಿಯಬೇಕಾದದ್ದು ಇಷ್ಟು: ಮೊದಲನೆಯ ಮಾತು ತಪ್ಪಿದರೆ ಮಾತ್ರ ಪರದೆಯ ಮೇಲೆ ಕೆಂಪು ಅಕ್ಷರ ಬರುತ್ತದೆ. ಉಳಿದೆರಡು ತಪ್ಪಿದಾಗ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಆದ್ದರಿಂದ ‘ಸರ, ಎಲ್ಲಾ ಟೆಸ್ಟ್ ಪಾಸ್ ಆದಾವ್ರಿ’ ಎಂದು ಯಾರಾದರೂ ಬಂದರೆ ನಾನು ಕೇಳುವ ಪ್ರಶ್ನೆ ಒಂದೇ: ಕಳ್ಳನಾಗಿ ಒಂದು ಸಲ ಆಡಿ ನೋಡಿದಿರಾ?

ಮೊದಲು ಚಿಕ್ಕ ಸಂಖ್ಯೆಗಳಲ್ಲಿ

ದೊಡ್ಡ ಸಂಖ್ಯೆಗಳಲ್ಲಿ ದೋಷ ಹುಡುಕಲು ಹೋಗಬೇಡಿ. ಹಾಳೆಯ ಮೇಲೆ ಕೈಯಿಂದ ಲೆಕ್ಕ ಮಾಡಲು ಬರುವ ಒಂದು ಮಾದರಿ ಇರಲಿ. ಅವಿಭಾಜ್ಯ ಸಂಖ್ಯೆ 23, ಆಧಾರ 2. ಎರಡರ ಘಾತಗಳನ್ನು 23ರಿಂದ ಭಾಗಿಸಿ ಶೇಷ ಬರೆಯುತ್ತ ಹೋದರೆ 11 ಹೆಜ್ಜೆಗೆ ಮತ್ತೆ 1 ಬರುತ್ತದೆ. ಹೀಗೆ ಬರುವ ಶೇಷಗಳೇ ನಮ್ಮ ಗುಂಪು, 11 ಅದರ ಗಾತ್ರ.

ಗುಟ್ಟು 7 ಇರಲಿ. 2ರ 7ನೇ ಘಾತ 128, ಅದರ ಶೇಷ 13. ಈ 13 ಬಹಿರಂಗ ಸಂಖ್ಯೆ, ಗೇಟಿಗೆ ಗೊತ್ತು. ಈಗ ಮೊಬೈಲು ಒಂದು ತಾತ್ಕಾಲಿಕ ಸಂಖ್ಯೆ ಆರಿಸುತ್ತದೆ, 4 ಅನ್ನೋಣ. 2ರ 4ನೇ ಘಾತ 16. ಇದನ್ನು ಮುಂಗಡವಾಗಿ ಗೇಟಿಗೆ ಕಳಿಸುತ್ತದೆ. ಮುಂಗಡ ಕೈಗೆ ಬಂದ ಮೇಲೆ ಗೇಟು ಸವಾಲು ಹಾಕುತ್ತದೆ, 3. ಮೊಬೈಲು ತಾತ್ಕಾಲಿಕ ಸಂಖ್ಯೆಗೆ ಸವಾಲು ಮತ್ತು ಗುಟ್ಟಿನ ಗುಣಲಬ್ಧವನ್ನು ಕೂಡಿಸುತ್ತದೆ: 4 + 3 × 7 = 25, ಅದನ್ನು 11ರಿಂದ ಭಾಗಿಸಿದ ಶೇಷ 3. ಇದು ಉತ್ತರ. ಗೇಟು ಎರಡು ಲೆಕ್ಕ ಮಾಡಿ ಹೋಲಿಸುತ್ತದೆ. 2ರ 3ನೇ ಘಾತ 8. ಮತ್ತೊಂದು ಕಡೆ 16 × 13ರ 3ನೇ ಘಾತ; 13ರ 3ನೇ ಘಾತದ ಶೇಷ 12, 16 × 12 = 192, ಶೇಷ 8. ಎರಡೂ ಒಂದೇ. ಒಳಗೆ ಬಿಡಬಹುದು.

ನಿಮ್ಮ ಕೋಡಿಗೆ ಇವೇ ಸಂಖ್ಯೆಗಳನ್ನು ಕೊಟ್ಟು ಇದೇ 16, 3, 3, 8 ಬರುತ್ತವೆಯೇ ನೋಡಿ. ಬರದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ನಿಜವಾದ ರೈತನಿಗೇ ಪ್ರತಿ ಸಲ ‘ಇಲ್ಲ’ ಬಂದರೆ

ಬಹುತೇಕ ಸಲ ಕಾರಣ ಒಂದೇ: ಉತ್ತರವನ್ನು 11ರಿಂದ ಭಾಗಿಸುವ ಬದಲು 23ರಿಂದ ಭಾಗಿಸಿರುತ್ತಾರೆ. ಕೋಡಿನಲ್ಲಿ ಬೇರೆಲ್ಲ ಕಡೆ 23 ಇರುವಾಗ ಇಲ್ಲೊಂದೇ 11 ಬರುವುದರಿಂದ ಕೈ ತಪ್ಪುತ್ತದೆ. 25ನ್ನು 23ರಿಂದ ಭಾಗಿಸಿದರೆ ಶೇಷ 2. 2ರ 2ನೇ ಘಾತ 4, ಆದರೆ ಬೇಕಾದದ್ದು 8. ಎರಡರ ನಡುವೆ ಸರಿಯಾಗಿ ಒಂದು ಆಧಾರದಷ್ಟು ಅಂತರ. ಇದು ಆಕಸ್ಮಿಕವಲ್ಲ: 23ನ್ನು 11ರಿಂದ ಭಾಗಿಸಿದರೆ ಶೇಷ 1, ಹಾಗಾಗಿ 23ನ್ನು ಎಷ್ಟು ಸಲ ಕಳೆದಿರೋ ಉತ್ತರ ಅಷ್ಟು ಹಿಂದೆ ಬಿದ್ದಿರುತ್ತದೆ. ನಿಮ್ಮ ಎರಡು ಬದಿಗಳ ಅನುಪಾತ 2, 4, 8 ಹೀಗೆ ಆಧಾರದ ಸಣ್ಣ ಘಾತವಾಗಿದ್ದರೆ ಇದೇ ರೋಗ ಎಂದು ತಿಳಿಯಿರಿ.

ಚಿಕ್ಕ ಸಂಖ್ಯೆಯಲ್ಲಿ ನಡೆದು ದೊಡ್ಡದರಲ್ಲಿ ನಡೆಯದಿದ್ದರೆ ಬ್ರೌಸರ್ ಭಾಗವನ್ನು ನೋಡಿ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 9007199254740991 ದಾಟಿದ ಮೇಲೆ ಪೂರ್ಣಾಂಕಗಳನ್ನು ನಂಬಿಕೆಯಿಂದ ಹಿಡಿದಿಡುವುದಿಲ್ಲ, ಕೊನೆಯ ಅಂಕೆಗಳು ಸದ್ದಿಲ್ಲದೆ ಬದಲಾಗುತ್ತವೆ. ಸಂಖ್ಯೆಗಳನ್ನು ಸ್ಟ್ರಿಂಗ್ ಆಗಿ ಕಳಿಸಿ, ಆ ಕಡೆ ದೊಡ್ಡ ಪೂರ್ಣಾಂಕವಾಗಿ ಓದಿ.

ಒಮ್ಮೊಮ್ಮೆ ಮಾತ್ರ ‘ಇಲ್ಲ’ ಬಂದರೆ

‘ಲ್ಯಾಬಿನ್ಯಾಗ ಚಲೋ ನಡಿತೈತ್ರಿ, ಗೇಟಿಗೆ ಒಯ್ದ್ರ ಒಮ್ಮೊಮ್ಮೆ ಫೇಲ್ ಆಗ್ತೈತ್ರಿ.’ ಈ ದೂರನ್ನು ಹಗುರ ಮಾಡಬೇಡಿ. ಕಡಿದ ಕಬ್ಬು ನಿಂತಷ್ಟು ಹೊತ್ತು ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ನಡುರಾತ್ರಿ ಸರದಿಯಲ್ಲಿ ನಿಂತ ಡ್ರೈವರಿಗೆ ‘ಮತ್ತೊಮ್ಮೆ ಒತ್ತಿ ನೋಡ್ರಿ’ ಎಂದು ಹೇಳುವುದು ಪರಿಹಾರವಲ್ಲ.

ಸವಾಲನ್ನು ಹ್ಯಾಶ್‌ನಿಂದ (ಕೊಟ್ಟ ಬೈಟುಗಳನ್ನು ಕಲಸಿ ನಿಗದಿತ ಉದ್ದದ ಒಂದು ಸಂಖ್ಯೆ ಕೊಡುವ ಲೆಕ್ಕದಿಂದ) ತೆಗೆಯುವ ವಿಧಾನದಲ್ಲಿ ಇದು ಹೆಚ್ಚು. 1986ರಲ್ಲಿ ಅಮೋಸ್ ಫಿಯಟ್ ಮತ್ತು ಆದಿ ಶಮೀರ್ ತೋರಿಸಿದ ದಾರಿ ಅದು: ಗೇಟು ಸವಾಲು ಹಾಕುವ ಬದಲು, ಮುಂಗಡವನ್ನೂ ಇತರ ವಿವರಗಳನ್ನೂ ಹ್ಯಾಶ್‌ಗೆ ಕೊಟ್ಟು ಬಂದದ್ದನ್ನೇ ಸವಾಲು ಎಂದುಕೊಳ್ಳುವುದು. ಎರಡೂ ಬದಿಯವರು ಹ್ಯಾಶ್‌ಗೆ ಕೊಡುವ ಬೈಟುಗಳು ಒಂದೇ ಆಗಿರಬೇಕು. ಒಂದು ಬೈಟು ಬದಲಾದರೆ ಸವಾಲೇ ಬೇರೆ.

ಎಷ್ಟು ಸಲ ಸೋಲುತ್ತದೆ ಎಂಬುದೇ ಇಲ್ಲಿ ಒಳ್ಳೆಯ ಸುಳಿವು. ಒಂದು ಸಾವಿರ ಸಾಬೀತು ಓಡಿಸಿ ಎಣಿಸಿ. ಸುಮಾರು ಅರ್ಧ ಸೋತರೆ ಆಂಡ್ರಾಯ್ಡ್ ಕಡೆಯ ಜಾವಾ ಕೋಡನ್ನು ಹಿಡಿಯಿರಿ: ಅಲ್ಲಿಯ ಬಿಗ್‌ಇಂಟಿಜರ್, ಸಂಖ್ಯೆಯ ಮೊದಲ ಬಿಟ್ 1 ಇದ್ದಾಗ ಅದು ಋಣ ಸಂಖ್ಯೆ ಅಲ್ಲ ಎಂದು ತೋರಿಸಲು ಮುಂದೆ ಒಂದು ಸೊನ್ನೆ ಬೈಟ್ ಸೇರಿಸುತ್ತದೆ. ಗೇಟಿನ ಪೈಥಾನ್ ಕೋಡ್ ಅದನ್ನು ಸೇರಿಸುವುದಿಲ್ಲ. ಹದಿನಾರರಲ್ಲಿ ಒಂದು ಸೋತರೆ, ಹೆಕ್ಸ್ (ಹದಿನಾರು ಅಂಕೆಗಳ ಬರವಣಿಗೆ) ಸ್ಟ್ರಿಂಗ್‌ನ ಮುಂದಿನ 0 ಅಕ್ಷರ ಎಲ್ಲೋ ಉದುರುತ್ತಿದೆ. 256ರಲ್ಲಿ ಒಂದಾದರೆ ಇಡೀ ಸೊನ್ನೆ ಬೈಟ್ ಉದುರುತ್ತಿದೆ. ಎಲ್ಲರಿಗೂ ಸರಿಯಾಗಿ, ಒಬ್ಬ ರೈತನಿಗೆ ಮಾತ್ರ ಯಾವಾಗಲೂ ‘ಇಲ್ಲ’ ಬರುತ್ತಿದ್ದರೆ ಉದುರುತ್ತಿರುವುದು ಮುಂಗಡದ ಸೊನ್ನೆಯಲ್ಲ, ಅವನ ಬಹಿರಂಗ ಸಂಖ್ಯೆಯ ಸೊನ್ನೆ. ಅದು ದಿನಕ್ಕೊಂದಾಗಿ ಬದಲಾಗುವುದಿಲ್ಲವಲ್ಲ. ಆ ಪಾಪದವನ ಮೊಬೈಲ್ ಬದಲಿಸಿ ಎಂದು ಹೇಳುವ ಮೊದಲು ಇದನ್ನು ನೋಡಿ.

ಪರಿಹಾರ ಎಲ್ಲದಕ್ಕೂ ಒಂದೇ. ಪ್ರತಿ ಸಂಖ್ಯೆಯನ್ನು ನಿಗದಿತ ಉದ್ದದ ಬೈಟುಗಳಲ್ಲಿ ಬರೆಯಿರಿ. 2048 ಬಿಟ್‌ನ ಸಂಖ್ಯೆಗೆ ಯಾವಾಗಲೂ 256 ಬೈಟ್. ಬರಿದೆ ಒಂದರ ಹಿಂದೆ ಒಂದು ಜೋಡಿಸಿದರೆ 1 ಮತ್ತು 23, 12 ಮತ್ತು 3, ಎರಡೂ 123 ಆಗಿಬಿಡುತ್ತವೆ ಎಂಬುದೂ ನೆನಪಿರಲಿ.

ತಪ್ಪು ಹುಡುಕಲು ಹ್ಯಾಶ್‌ಗೆ ಹೋಗುವ ಬೈಟುಗಳನ್ನು ಎರಡೂ ಕಡೆ ಲಾಗ್ ಮಾಡಿ ಹೋಲಿಸಿ. ಆದರೆ ತಾತ್ಕಾಲಿಕ ಸಂಖ್ಯೆಯನ್ನು ಎಂದಿಗೂ ಲಾಗ್ ಮಾಡಬೇಡಿ. ಅದು ಗುಟ್ಟಲ್ಲ, ಒಂದು ಸಲದ್ದು ತಾನೇ ಎಂದು ಬಹಳ ಮಂದಿ ಮುದ್ರಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ 4 ಗೊತ್ತಾದರೆ ಉತ್ತರ 3ರಿಂದ 4 ಕಳೆದು, 11ರ ಗುಂಪಿನಲ್ಲಿ 10 ಎಂದು ಪಡೆದು, ಸವಾಲು 3ರ ವಿಲೋಮವಾದ (3ರಿಂದ ಗುಣಿಸಿದರೆ ಶೇಷ 1 ಕೊಡುವ) 4ರಿಂದ ಗುಣಿಸಿದರೆ 40, ಶೇಷ 7. ಗುಟ್ಟು ಬಯಲು. ದೋಷ ಹುಡುಕಲು ಬರೆದ ಸಾಲೇ ದೊಡ್ಡ ದೋಷವಾಗುತ್ತದೆ.

ಯಾವ ಲಕ್ಷಣವೂ ಇಲ್ಲದಿದ್ದರೆ

ಈ ಭಾಗವನ್ನು ನಿಧಾನವಾಗಿ ಓದಿ. ನನಗೆ ಅತಿ ಹೆಚ್ಚು ಕಾಳಜಿ ಇರುವುದು ಇಲ್ಲಿ.

ಶೇಷ ತೆಗೆಯುವ ಅದೇ ತಪ್ಪಿಗೆ ಬನ್ನಿ. 2048 ಬಿಟ್‌ನ ಅವಿಭಾಜ್ಯ, ಆದರೆ ಗುಂಪಿನ ಗಾತ್ರ 256 ಬಿಟ್ ಮಾತ್ರ ಎಂಬ ವ್ಯವಸ್ಥೆ ನಿಮ್ಮದಿರಲಿ. ಸವಾಲು 256 ಬಿಟ್, ಗುಟ್ಟು 256 ಬಿಟ್. ಗುಣಲಬ್ಧ 512 ಬಿಟ್ ಒಳಗೇ ಇರುತ್ತದೆ. ಇದನ್ನು 2048 ಬಿಟ್‌ನ ಸಂಖ್ಯೆಯಿಂದ ಭಾಗಿಸಿದರೆ ಏನೂ ಆಗುವುದಿಲ್ಲ, ಹಾಗೇ ಉಳಿಯುತ್ತದೆ. ಗೇಟಿನ ಲೆಕ್ಕ ಸರಿಯಾಗಿಯೇ ಬರುತ್ತದೆ, ಯಾಕೆಂದರೆ ಘಾತದಲ್ಲಿ 25 ಹಾಕಿದರೂ 3 ಹಾಕಿದರೂ ಫಲ ಒಂದೇ. ಸಾವಿರ ಟೆಸ್ಟೂ ಪಾಸು.

ಈಗ ಕದ್ದು ಕೇಳುವವನ ಜಾಗದಲ್ಲಿ ನಿಲ್ಲಿ. ಗುಟ್ಟು 7, ತಾತ್ಕಾಲಿಕ 4, ಸವಾಲು 10. ಸರಿಯಾದ ಉತ್ತರ 74ರ ಶೇಷ, ಅಂದರೆ 8. ಶೇಷ ತೆಗೆಯದೆ 74ನ್ನೇ ಕಳಿಸಿದರೆ? ಸವಾಲು 10 ಅವನಿಗೆ ಗೊತ್ತು. 74ನ್ನು 10ರಿಂದ ಭಾಗಿಸಿದರೆ ಏಳು ಚಿಲ್ಲರೆ. ದೊಡ್ಡ ಸಂಖ್ಯೆಯಲ್ಲೂ ಇಷ್ಟೇ ಸಲೀಸು: ತಾತ್ಕಾಲಿಕ ಸಂಖ್ಯೆ ಮತ್ತು ಸವಾಲು ಒಂದೇ ಉದ್ದದವಾದರೆ, ಭಾಗಿಸಿ ಬಂದ ಸಂಖ್ಯೆಗೂ ನಿಜವಾದ ಗುಟ್ಟಿಗೂ ಸಾಮಾನ್ಯವಾಗಿ ಕೆಲವೇ ಅಂಕಿಗಳ ಅಂತರ. ಅದೇ ಒಂದು ಸಾಲಿನ ತಪ್ಪು, ಗುಂಪಿನ ಗಾತ್ರ ಅವಿಭಾಜ್ಯದ ಅರ್ಧದಷ್ಟಿರುವ ವ್ಯವಸ್ಥೆಯಲ್ಲಿ ಎಲ್ಲರನ್ನೂ ಹೊರಗೆ ಹಾಕುತ್ತದೆ, ಇಲ್ಲಿ ಎಲ್ಲರ ಗುಟ್ಟನ್ನೂ ಹೊರಗೆ ಹಾಕುತ್ತದೆ.

ಪತ್ತೆ ಸುಲಭ: ಉತ್ತರದ ಉದ್ದ ಅಳೆಯಿರಿ. 32 ಬೈಟ್ ಇರಬೇಕಾದ ಕಡೆ 64 ಬೈಟ್ ಬರುತ್ತಿದ್ದರೆ ಸೋರುತ್ತಿದೆ. ಮತ್ತು ಗೇಟಿನ ಕೋಡಿನಲ್ಲಿ ಒಂದು ಸಾಲು ಸೇರಿಸಿ: ಉತ್ತರ ಗುಂಪಿನ ಗಾತ್ರಕ್ಕಿಂತ ಚಿಕ್ಕದಿಲ್ಲದಿದ್ದರೆ ಲೆಕ್ಕವನ್ನೇ ಮಾಡದೆ ತಿರಸ್ಕರಿಸು. ಆಗ ಮೌನ ದೋಷ ಬಾಯಿ ಬಿಡುತ್ತದೆ.

ಎರಡನೆಯ ಮೌನ ದೋಷ, ತಾತ್ಕಾಲಿಕ ಸಂಖ್ಯೆ ಮರುಕಳಿಸುವುದು. ಮೊದಲ ಸಲ ತಾತ್ಕಾಲಿಕ 4, ಸವಾಲು 3, ಉತ್ತರ 3. ಇನ್ನೊಂದು ಸಲ ತಾತ್ಕಾಲಿಕ ಮತ್ತೆ 4, ಸವಾಲು 5; 4 + 35 = 39, ಉತ್ತರ 6. ಉತ್ತರಗಳ ವ್ಯತ್ಯಾಸ 3, ಸವಾಲುಗಳ ವ್ಯತ್ಯಾಸ 2. 11ರ ಗುಂಪಿನಲ್ಲಿ 2ರ ವಿಲೋಮ 6; 3 × 6 = 18, ಶೇಷ 7. ಶಾಲೆಯ ಎರಡು ಸಮೀಕರಣದ ಲೆಕ್ಕ ಅಷ್ಟೆ. 2010ರ ಡಿಸೆಂಬರಿನಲ್ಲಿ ಸೋನಿಯ ಪ್ಲೇಸ್ಟೇಷನ್ 3ರ ಸಹಿ ಕೀಲಿ ಬಯಲಾದದ್ದು ಇದೇ ಜಾತಿಯ ತಪ್ಪಿನಿಂದ. 2013ರಲ್ಲಿ ಆಂಡ್ರಾಯ್ಡ್‌ನ ಯಾದೃಚ್ಛಿಕ ಸಂಖ್ಯೆಯ ದೋಷದಿಂದ ಬಿಟ್‌ಕಾಯಿನ್ ವಾಲೆಟ್‌ಗಳಿಂದ ಹಣ ಹೋದದ್ದೂ ಹೀಗೆಯೇ. ಅಲ್ಲಿದ್ದ ಸಹಿ ವಿಧಾನ ಬೇರೆಯಾದರೂ ಸಮೀಕರಣದ ಮರ್ಮ ಒಂದೇ.

ನಮ್ಮ ಕಡೆ ಇದು ಬರುವ ದಾರಿ ಎರಡು. ಒಂದು, ಕರೆಂಟು. ಮೊಬೈಲಿನ ಬದಲು ಚಿಕ್ಕ ಬೋರ್ಡಿನ ಮೇಲೆ ಸಾಬೀತು ಓಡಿಸುವವರು, ಕರೆಂಟು ಹೋಗಿ ಬಂದಾಗ ಬೋರ್ಡ್ ಮತ್ತೆ ಅದೇ ಬೀಜದಿಂದ, ಅಂದರೆ ಅದೇ ಆರಂಭಿಕ ಸಂಖ್ಯೆಯಿಂದ, ಸಂಖ್ಯೆ ಹುಟ್ಟಿಸುತ್ತದೆಯೇ ಎಂದು ನೋಡಲೇಬೇಕು. ಬೋರ್ಡನ್ನು ಹತ್ತಾರು ಸಲ ಆರಿಸಿ ಹೊತ್ತಿಸಿ, ಪ್ರತಿ ಸಲ ಮೊದಲ ಮುಂಗಡವನ್ನು ಬರೆದುಕೊಂಡು ಹೋಲಿಸಿ. ಒಂದೇ ಒಂದು ಮರುಕಳಿಸಿದರೂ ಆ ಗುಟ್ಟು ಹೋಯಿತು ಎಂದೇ ಲೆಕ್ಕ. ಗೇಟಿನ ಲಾಗ್‌ನಲ್ಲಿರುವ ಮುಂಗಡಗಳನ್ನೂ ವಿಂಗಡಿಸಿ ಜೋಡಿ ಇವೆಯೇ ನೋಡಿ.

ಎರಡನೆಯ ದಾರಿ ನೆಟ್‌ವರ್ಕ್. ಊರ ಹೊರಗಿನ ಗೇಟಿನಲ್ಲಿ ಸಿಗ್ನಲ್ ಹೋಗಿ ಬರುತ್ತದೆ. ಮೊಬೈಲು ಮುಂಗಡ ಕಳಿಸಿತು, ಗೇಟು ಸವಾಲು ಹಾಕಿತು, ಮೊಬೈಲು ಉತ್ತರ ಕಳಿಸಿತು, ಅದು ತಲುಪಲಿಲ್ಲ. ಗೇಟಿನ ಕೋಡ್ ‘ಮತ್ತೆ ಪ್ರಯತ್ನಿಸು’ ಎಂದು ಅದೇ ಮುಂಗಡಕ್ಕೆ ಹೊಸ ಸವಾಲು ಕಳಿಸಿತು. ಮೊಬೈಲಿನ ನೆನಪಿನಲ್ಲಿ ತಾತ್ಕಾಲಿಕ ಸಂಖ್ಯೆ ಇನ್ನೂ ಇದ್ದುದರಿಂದ ಅದಕ್ಕೂ ಉತ್ತರ ಕೊಟ್ಟಿತು. ಇಷ್ಟಾದರೆ ಮುಗಿಯಿತು: ಒಂದು ಮುಂಗಡ, ಎರಡು ಸವಾಲು, ಎರಡು ಉತ್ತರ. ಯಾದೃಚ್ಛಿಕ ಸಂಖ್ಯೆ ಎಷ್ಟು ಚೆನ್ನಾಗಿದ್ದರೂ ಇಲ್ಲಿ ಕಾಪಾಡುವುದಿಲ್ಲ. ಕೆಟ್ಟ ಗೇಟು ಇದನ್ನು ಬೇಕೆಂದೇ ಮಾಡಬಹುದು. ಆದ್ದರಿಂದ ಮೊಬೈಲು ಒಂದು ಉತ್ತರ ಕೊಟ್ಟ ಕ್ಷಣವೇ ತಾತ್ಕಾಲಿಕ ಸಂಖ್ಯೆಯನ್ನು ಅಳಿಸಬೇಕು. ಮರುಪ್ರಯತ್ನ ಎಂದರೆ ಹೊಸ ಮುಂಗಡದಿಂದ ಶುರು. ಲ್ಯಾಬಿನ ವೈಫೈ ಗಟ್ಟಿಯಾಗಿರುವುದರಿಂದ ಈ ದೋಷ ಅಲ್ಲಿ ಕಾಣುವುದೇ ಇಲ್ಲ. ಬೇಕೆಂದೇ ಉತ್ತರದ ಪ್ಯಾಕೆಟ್ ಬೀಳಿಸಿ ಪರೀಕ್ಷಿಸಿ.

ಗುಟ್ಟು ಗೊತ್ತಿಲ್ಲದವನು ಒಳಗೆ ಬಂದರೆ

ಸವಾಲು ಮೊದಲೇ ಗೊತ್ತಿದ್ದರೆ ಯಾರು ಬೇಕಾದರೂ ಪಾಸಾಗಬಹುದು. ಸವಾಲು 3 ಬರುತ್ತದೆ ಎಂದು ತಿಳಿದವನು ಉತ್ತರ 5 ಎಂದು ಮನಸ್ಸಿಗೆ ಬಂದದ್ದನ್ನು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಮಾಡುತ್ತಾನೆ. 2ರ 5ನೇ ಘಾತ 32. 13ರ 3ನೇ ಘಾತದ ಶೇಷ 12, ಅದರ ವಿಲೋಮ 2. 32 × 2 = 64, ಶೇಷ 18. ಮುಂಗಡ 18 ಎಂದು ಕಳಿಸುತ್ತಾನೆ. ಗೇಟು ನೋಡುತ್ತದೆ: 32ರ ಶೇಷ 9; 18 × 12 = 216, ಅದರ ಶೇಷವೂ 9. ಬಾಗಿಲು ತೆರೆಯಿತು, 7 ಅವನಿಗೆ ಗೊತ್ತೇ ಇಲ್ಲ. ಗೇಟಿನ ಕೋಡ್ ಸವಾಲನ್ನು ಮುಂಗಡಕ್ಕಿಂತ ಮೊದಲು ಕಳಿಸುತ್ತಿದೆಯೇ, ಗಡಿಯಾರದ ಸೆಕೆಂಡಿನಿಂದ ಸವಾಲು ತೆಗೆಯುತ್ತಿದೆಯೇ, ಕರೆಂಟು ಬಂದ ಮೇಲೆ ಅದೇ ಸವಾಲುಗಳು ಸಾಲಾಗಿ ಬರುತ್ತಿವೆಯೇ ನೋಡಿ. ಸವಾಲು ಚಿಕ್ಕದಾಗಿದ್ದರೂ ಇದೇ ಪಾಡು. 8 ಬಿಟ್‌ನ ಸವಾಲನ್ನು 256 ಪ್ರಯತ್ನದಲ್ಲಿ ಒಮ್ಮೆ ಊಹಿಸಬಹುದು. 128 ಬಿಟ್‌ಗಿಂತ ಕಡಿಮೆ ಇಡಬೇಡಿ.

ಈ ಹಿಂದುಮುಂದಿನ ಲೆಕ್ಕ ಕಳ್ಳನಿಗಷ್ಟೇ ಉಪಯೋಗದ್ದಲ್ಲ. ನಿಜವಾದ ಸಂಭಾಷಣೆಯಂತೆಯೇ ಕಾಣುವ ದಾಖಲೆಯನ್ನು ಗುಟ್ಟೇ ಇಲ್ಲದೆ ಯಾರು ಬೇಕಾದರೂ ಹುಟ್ಟಿಸಬಹುದು ಅಂದಮೇಲೆ, ಪ್ರಾಮಾಣಿಕವಾಗಿ ಸವಾಲು ಆರಿಸಿದ ಗೇಟಿನ ದಾಖಲೆಯಿಂದ ಗುಟ್ಟಿನ ಬಗ್ಗೆ ಏನೂ ಸಿಗುವುದಿಲ್ಲ. ಇಡೀ ವಿಧಾನದ ಜೀವಾಳ ಇದು, ಮೊದಲ ಸಲ ತಿಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಹಾಗಾಗಿ ‘ಗೇಟು ಸವಾಲು ಹಾಕಿದ ದಾಖಲೆ ತೋರಿಸಿದರೂ ರೈತ ಬಂದಿದ್ದ ಎಂದು ಮೂರನೆಯವರು ನಂಬುವುದಿಲ್ಲ’ ಎಂದು ಯಾರಾದರೂ ದೂರು ಬರೆದರೆ ಅದು ದೋಷವಲ್ಲ. ಸಾಕ್ಷಿ ಬೇಕಾದರೆ ಹ್ಯಾಶ್ ವಿಧಾನದ ಸಹಿ ಬಳಸಿ.

ಹ್ಯಾಶ್ ವಿಧಾನದಲ್ಲಿ ಬೇರೆ ಬಿರುಕು ಇದೆ. ಮುಂಗಡವನ್ನು ಮಾತ್ರ ಹ್ಯಾಶ್ ಮಾಡಿ ಬಹಿರಂಗ ಸಂಖ್ಯೆಯನ್ನು ಬಿಟ್ಟರೆ, ಕಳ್ಳ ಮುಂಗಡ, ಸವಾಲು, ಉತ್ತರ ಎಲ್ಲವನ್ನೂ ಮೊದಲು ತಯಾರಿಸಿ, ಅವಕ್ಕೆ ಹೊಂದುವ ಬಹಿರಂಗ ಸಂಖ್ಯೆಯನ್ನು ಕೊನೆಗೆ ಲೆಕ್ಕ ಹಾಕಬಹುದು. ತನಗೇ ಗೊತ್ತಿಲ್ಲದ ಗುಟ್ಟನ್ನು ಗೊತ್ತೆಂದು ಸಾಬೀತು ಮಾಡಿ ನೋಂದಾಯಿಸಬಹುದು. 2012ರಲ್ಲಿ ಬರ್ನ್‌ಹಾರ್ಡ್, ಪೆರೇರಾ, ವಾರಿನ್‌ಶಿ ಎಂಬ ಸಂಶೋಧಕರು ಹೀಲಿಯೋಸ್ ಎಂಬ ಆನ್‌ಲೈನ್ ಮತದಾನ ವ್ಯವಸ್ಥೆಯಲ್ಲಿ ಈ ಜಾತಿಯ ದುರ್ಬಲತೆ ತೋರಿಸಿದ್ದರು. ಹತ್ತು ವರ್ಷದ ಮೇಲೆ, 2022ರಲ್ಲೂ, ಹಲವು ಲೈಬ್ರರಿಗಳಲ್ಲಿ ಅದೇ ಸಿಕ್ಕಿತು. ಆಧಾರ, ಮುಂಗಡ, ಬಹಿರಂಗ ಸಂಖ್ಯೆ, ರೈತನ ಗುರುತು, ಗೇಟಿನ ಗುರುತು, ಇವೆಲ್ಲ ಹ್ಯಾಶ್ ಒಳಗೆ ಹೋಗಲಿ. 2017ರ ಆರ್‌ಎಫ್‌ಸಿ 8235 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಈ ಕ್ರಮವನ್ನು ವಿವರಿಸುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಂಡೇ ಕೋಡ್ ಬರೆಯಿರಿ.

ಬಹಿರಂಗ ಸಂಖ್ಯೆ ಗುಂಪಿಗೆ ಸೇರಿದ್ದೇ ಎಂದೂ ನೋಡಬೇಕು. 22 ಎಂದು ಯಾರಾದರೂ ನೋಂದಾಯಿಸಿದರೆ? 2ರ ಯಾವ ಘಾತವೂ 23ರ ಲೆಕ್ಕದಲ್ಲಿ 22 ಕೊಡುವುದಿಲ್ಲ, ಅದಕ್ಕೆ ಗುಟ್ಟೇ ಇಲ್ಲ. ಆದರೂ 22ರ ಸಮ ಘಾತ 1 ಆಗುವುದರಿಂದ ಸವಾಲು ಸಮವಾದಾಗಲೆಲ್ಲ ಆತ ಪಾಸು. ಸಂಖ್ಯೆಯ 11ನೇ ಘಾತ 1 ಬರುತ್ತದೆಯೇ ಎಂದು ಪರೀಕ್ಷಿಸಿ, 1 ಎಂಬ ಸಂಖ್ಯೆಯನ್ನೇ ಕೊಟ್ಟರೆ ತಿರಸ್ಕರಿಸಿ.

ನಿನ್ನೆಯ ಸಾಬೀತು ಇಂದು ನಡೆದರೆ

ಹ್ಯಾಶ್ ವಿಧಾನದಲ್ಲಿ ಹಳೆಯ ಸಾಬೀತನ್ನು ನಕಲು ಮಾಡಿ ಮತ್ತೆ ಕಳಿಸಬಹುದು. ಗೇಟು ಪ್ರತಿ ಸಲ ಒಂದು ಹೊಸ ಸಂಖ್ಯೆ ಕೊಡಲಿ, ಅದೂ ಹ್ಯಾಶ್‌ಗೆ ಸೇರಲಿ, ಒಮ್ಮೆ ಬಳಸಿದ್ದನ್ನು ಗೇಟು ಮರಳಿ ಒಪ್ಪದಿರಲಿ. ಗೇಟಿನಲ್ಲಿ ನಿಂತವನು ಸವಾಲನ್ನು ಫೋನಿನಲ್ಲಿ ಊರಲ್ಲಿರುವ ನಿಜವಾದ ರೈತನಿಗೆ ದಾಟಿಸಿ ಉತ್ತರ ತರಿಸಿಕೊಳ್ಳುವುದನ್ನು ಮಾತ್ರ ಈ ಗಣಿತ ತಡೆಯುವುದಿಲ್ಲ. ಯಾವ ಗೇಟಿಗೆ ಉತ್ತರ ಕೊಡುತ್ತಿದ್ದೇನೆ ಎಂದು ಮೊಬೈಲಿನ ಪರದೆ ತೋರಿಸಿ ಒಪ್ಪಿಗೆ ಕೇಳಿದರೆ, ರೈತನಿಗೆ ತಿಳಿಯದಂತೆ ಹೀಗಾಗುವುದನ್ನಾದರೂ ತಪ್ಪಿಸಬಹುದು.

ದೋಷ ಸಿಕ್ಕ ಮೇಲೆ

ಮೌನ ದೋಷಗಳಲ್ಲಿ ಯಾವುದೇ ಒಂದು ಸಿಕ್ಕರೂ ಕೋಡ್ ತಿದ್ದಿದರೆ ಸಾಲದು. ಅಲ್ಲಿಯವರೆಗೆ ಬಳಸಿದ ಗುಟ್ಟುಗಳೆಲ್ಲ ಬಯಲಾಗಿವೆ ಎಂದೇ ತಿಳಿದು ಬದಲಿಸಬೇಕು. ಹಳೆಯ ಉತ್ತರಗಳು ಯಾರ ಲಾಗ್‌ನಲ್ಲಿ ಉಳಿದಿವೆಯೋ ಹೇಳಲಾಗದು. ಹೊಸ ಗುಟ್ಟು ರೈತನ ಮೊಬೈಲಿನಲ್ಲೇ ಹುಟ್ಟಲಿ, ಆಫೀಸಿನ ಕಂಪ್ಯೂಟರಿನಲ್ಲಿ ಹುಟ್ಟಿಸಿ ಹಂಚಬೇಡಿ. ರೈತ ಖುದ್ದಾಗಿ ಬಂದು ಹೊಸ ಬಹಿರಂಗ ಸಂಖ್ಯೆ ನೋಂದಾಯಿಸುವಾಗ ಅಲ್ಲೇ ಒಂದು ಸಾಬೀತು ಕೇಳಿ, ಅದು ಪಾಸಾದ ಮೇಲೆಯೇ ಹಳೆಯ ಸಂಖ್ಯೆಯನ್ನು ಗೇಟಿನಿಂದ ತೆಗೆಯಿರಿ.